ಹೆಬ್ಬೆರಳ ಬುಡದ ಎಲುಬು

ವಿರುಪಣ್ಣನ ಎದುರಿಗೆ ನಿಂತಾಗ ನಾನು ಮಾತಿಗೊಂದು ‘ರೀ’ ಹಚ್ಚುತ್ತೇನೆ. ಬರೆಯುವಾಗ ಹಚ್ಚುವುದಿಲ್ಲ. ಇಲ್ಲಿ ಅವನು ‘ಅವನು’ ಅಷ್ಟೇ. ಯಾಕೆ ಎಂದು ಓದುತ್ತ ಹೋದರೆ ತಿಳಿಯುತ್ತದೆ, ತಿಳಿದ ಮೇಲೂ ನನ್ನನ್ನು ಬೈಯುವವರಿದ್ದರೆ ಬೈಯಲಿ.

ನಾನು ಮಹೇಶ್ವರಿ, ಯಲಬುರ್ಗಾ ತಾಲೂಕಿನ ಮಂಗಳೂರಿನವಳು. ಮಂಗಳೂರು ಅಂದ ಕೂಡಲೇ ಸಮುದ್ರ, ಮೀನು ಎಂದು ಶುರು ಮಾಡಬೇಡಿ. ನಮ್ಮ ಮಂಗಳೂರಿನಲ್ಲಿ ಇರುವುದು ಕಡಲೆ, ಜೋಳ ಮತ್ತು ಜಗಳ. ಪಿಯುಸಿ ಮುಗಿಸಿ ಮದುವೆಯಾದೆ. ಗಂಡ ಪಂಪಾಪತಿ ಟಂಟಂ ಆಟೊ ಓಡಿಸುತ್ತಾನೆ. ಬೆಳಗಾದರೆ ಅದೇ ಟಂಟಂನಲ್ಲಿ ನಮ್ಮೂರ ಹೆಂಗಸರು ಕುಷ್ಟಗಿ ಹಾದಿಯ ನೆಟ್ ಹೌಸುಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತೇವೆ. ಸೊಳ್ಳೆಪರದೆ ಕಟ್ಟಿದಂತೆ ಬಿಳಿ ಬಲೆ ಹೊದಿಸಿದ ಆ ಮನೆಗಳಲ್ಲಿ ಟೊಮ್ಯಾಟೊದ ಹೈಬ್ರಿಡ್ ಬೀಜ ತಯಾರಾಗುತ್ತದೆ. ತಯಾರು ಮಾಡುವುದು ಯಂತ್ರವಲ್ಲ, ನಮ್ಮ ಹೆಬ್ಬೆರಳು ಮತ್ತು ತೋರುಬೆರಳು.

ಸಂಜೆ ಹೊತ್ತು ಅರಳದ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಹಳದಿ ಗಂಡುಭಾಗವನ್ನು ಕಿತ್ತು ತೆಗೆಯಬೇಕು. ನಡುವಿನ ಹಸಿರು ಎಳೆಗೆ ಉಗುರು ಕೂಡ ತಾಗಬಾರದು. ಮರುದಿನ ಬೆಳಿಗ್ಗೆ ಆ ಎಳೆಗೆ ಬೇರೆ ತಳಿಯ ಪರಾಗದ ಪುಡಿ ಮುಟ್ಟಿಸಿ, ಹೂವಿನ ತೊಟ್ಟಿನ ಹತ್ತಿರದ ಎಸಳು ಚಿವುಟಿ ಗುರುತು ಮಾಡಬೇಕು. ಇಡೀ ದಿನ ಚಿವುಟುವುದು, ಹಿಡಿಯುವುದು, ಬಿಡುವುದು. ನನ್ನ ಕೈ ಆ ಕೆಲಸಕ್ಕೇ ಹುಟ್ಟಿದಂತಿತ್ತು. ನಾನು ಮುಟ್ಟಿದ ಹೂವು ಉದುರುತ್ತಿರಲಿಲ್ಲ. ಇದು ಜಂಬವಾದರೆ ಜಂಬವೇ ಸರಿ. ಈಗ ಆ ಕೈ ಇಲ್ಲವಾದ್ದರಿಂದ ಜಂಬಪಡಲು ನನಗೆ ಹಕ್ಕಿದೆ.

ಈ ಕೆಲಸಕ್ಕೆ ಒಂದು ಕಾಟವಿದೆ. ಸಂಜೆಯಾಗುತ್ತಿದ್ದಂತೆ ಬೆರಳುಗಳು ಮಡಿಚಿಕೊಂಡು ಹಾಗೇ ನಿಂತುಬಿಡುತ್ತವೆ. ಬೆರಳನ್ನು ಎಳೆಯುವ ನರ ಬಾತು, ಲಂಗದ ಲಾಡಿಯ ಗಂಟು ತೂತಿನಲ್ಲಿ ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಹೋದರೆ ಪ್ರಾಣ ಹೋಗುತ್ತದೆ. ‘ಬೆರಳು ಕಚ್ಚಿಕೊಂಡಾವು’ ಎನ್ನುತ್ತೇವೆ ನಾವು. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಾವಾಗಿ ಬಿಡುತ್ತವೆ. ಇದು ಕ್ರಾಸಿಂಗ್ ಮಾಡುವ ಎಲ್ಲ ಹೆಂಗಸರಿಗೂ ಗೊತ್ತು. ನೆಟ್ ಹೌಸಿನ ಮಾಲಕ ವಿರುಪಣ್ಣನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಅಗತ್ಯ ಅವನಿಗೆ ಬಿದ್ದಿರಲಿಲ್ಲ.

ಹೋದ ವರ್ಷ ಅವನ ಗಂಡುತಳಿಯ ಪರಾಗ ಯಾರೋ ಕದ್ದು ಬೇರೆ ಕಡೆ ಕೊಡುತ್ತಿದ್ದಾರೆ ಎಂಬ ಗುಮಾನಿ ಅವನ ತಲೆಗೆ ಹೊಕ್ಕಿತ್ತು. ಕೆಲಸ ಬಿಟ್ಟು ಹೊರಡುವಾಗ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಸೆರಗು ಜಾಡಿಸಿ ನೋಡುತ್ತಿದ್ದ. ಅವತ್ತು ನಾನು ಬಲಗೈ ಮುಷ್ಟಿ ಕಟ್ಟಿಕೊಂಡು ಬಂದೆ. ಬೆರಳು ಕಚ್ಚಿಕೊಂಡಿದ್ದವು.

“ಮುಷ್ಟಿ ಬಿಚ್ಚು,” ಅಂದ.

“ಬಿಚ್ಚಾಕ ಬರವಲ್ದುರಿ. ಬೆರಳು ಕಚ್ಕೊಂಡಾವು. ಬಿಸಿನೀರಾಗ ಇಟ್ರ ಬಿಡ್ತಾವು.”

“ಯಾರಿಗೆ ಒಯ್ಯಾಕತ್ತಿ ಪರಾಗ? ಬಿಚ್ಚು ಅಂದ್ನೆಲ್ಲ!”

ನಾನು ಅಳುತ್ತ ಮತ್ತೆ ಅದೇ ಹೇಳಿದೆ. ಅವನು ನನ್ನ ಮಣಿಕಟ್ಟು ಹಿಡಿದು ತಿರುವಿದ. ಬೆರಳುಗಳು ಲಟಕ್ಕನೆ ತೆರೆದವು. ಅಂಗೈಯಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಮನುಷ್ಯನಾದವನಿಗೆ ಆಗ ನಾಚಿಕೆಯಾಗಬೇಕು. ಇವನಿಗೆ ಸಿಟ್ಟು ಬಂತು, ಖಾಲಿ ಅಂಗೈಯ ಮೇಲೆ ಸಿಟ್ಟು! ಹಿಡಿದ ಕೈಯನ್ನು ಹಾಗೇ ನೂಕಿಬಿಟ್ಟ. ನಾನು ಹಿಂದಕ್ಕೆ ಬಿದ್ದೆ. ಬೀಳುವಾಗ ಎಲ್ಲರೂ ಮಾಡುವಂತೆ ಅಂಗೈ ಊರಿದೆ. ಮೈಭಾರವೆಲ್ಲ ಆ ಒಂದು ಮಣಿಕಟ್ಟಿನ ಮೇಲೆ ಬಿತ್ತು.

ನಮ್ಮ ಗುಂಪಿನ ಹಿರಿಯಳು ಮಾರೆವ್ವ ಓಡಿ ಬಂದು ಎಬ್ಬಿಸಿದಳು. ಹಸನಬೀ ನೀರು ತಂದಳು. ಅಷ್ಟರಲ್ಲಿ ವಿರುಪಣ್ಣ ಎಲ್ಲರಿಗೂ ಕೇಳುವಂತೆ ಹೇಳಿದ: “ಪ್ಲಾಸ್ಟಿಕ್ ಹಾಳಿ ಮ್ಯಾಲ ಕಾಲು ಜಾರಿ ಬಿದ್ಲು. ನೀವೆಲ್ಲಾ ನೋಡೀರಿ.” ಯಾರೂ ಉಸಿರೆತ್ತಲಿಲ್ಲ. ನಾಳೆಯ ಕೆಲಸ ಯಾರಿಗೆ ಬೇಡ? ನಾನು ಬೆರಳು ಅಲ್ಲಾಡಿಸಿ ನೋಡಿಕೊಂಡೆ, ಅಲ್ಲಾಡಿದವು. “ಬೆರಳು ಆಡ್ತಾವು ಅಂದ್ರ ಎಲುಬು ಮುರದಿಲ್ಲ. ಉಳುಕೈತಿ ಅಷ್ಟ. ಆದೆಪ್ಪನ ಕಡೆ ಕಟ್ಟಿಸ್ಕೋ,” ಅಂದ ಅವನು. ನಮ್ಮ ಸೀಮೆಯಲ್ಲಿ ಹುಟ್ಟಿದ ಮಗುವೂ ನಂಬುವ ಮಾತು ಅದು. ಬೆರಳು ಆಡಿದರೆ ಎಲುಬು ಗಟ್ಟಿ. ನಾನೂ ನಂಬಿದೆ.

ನಾಟಿ ಕಟ್ಟು ಕಟ್ಟುವ ಆದೆಪ್ಪಜ್ಜನ ಮೇಲೆ ನನಗೆ ಸಿಟ್ಟಿಲ್ಲ. ತೋಳು, ಕಾಲಿನ ಉದ್ದ ಎಲುಬುಗಳನ್ನು ಅವನು ಕೂಡಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಉದ್ದಿನ ಹಿಟ್ಟು, ಮೊಟ್ಟೆ ಹಚ್ಚಿ, ಬಿದಿರು ಸೀಳಿಟ್ಟು ಪ್ರೀತಿಯಿಂದಲೇ ಕಟ್ಟಿದ. ಕಟ್ಟು ಬಿಚ್ಚಿದಾಗ ಬಾವು ಇಳಿದಿತ್ತು. ಆದರೆ ಚಿಮಟ ಹಿಡಿದರೆ ಹೆಬ್ಬೆರಳ ಬುಡದಲ್ಲಿ ಮುಳ್ಳು ಮುರಿದಂತಹ ನೋವು. ಕೊಡದ ನೀರು ಎತ್ತಲಾಗದು, ಒದ್ದೆ ಸೀರೆ ಹಿಂಡಲಾಗದು. ಕೊನೆಗೆ ಕೊಪ್ಪಳದ ಎಲುಬಿನ ಡಾಕ್ಟರಮ್ಮನ ಹತ್ತಿರ ಹೋದೆ. ‘ಅಂಗೈ ಹುಣ್ಣಿಗೆ ಕನ್ನಡಿ ಯಾಕೆ’ ಎಂದು ನಮ್ಮತ್ತೆ ಗೊಣಗಿದ್ದಳು. ಕನ್ನಡಿಯಲ್ಲ, ಎಕ್ಸ್‌ರೇ ಬೇಕಿತ್ತು.

ಡಾಕ್ಟರಮ್ಮ ನನ್ನ ಹೆಬ್ಬೆರಳು ಎತ್ತಿಸಿದರು. ಹೆಬ್ಬೆರಳು ಮೇಲೆತ್ತಿದರೆ ಅದರ ಬುಡದಲ್ಲಿ ಎರಡು ನರಗಳ ನಡುವೆ ಒಂದು ಗುಂಡಿ ಬೀಳುತ್ತದೆ, ನಶ್ಯ ಸೇದುವವರು ಪುಡಿ ಇಟ್ಟುಕೊಳ್ಳುವ ಜಾಗ. ಅಲ್ಲಿ ಒತ್ತಿದರು. ನಾನು ಕಿರುಚಿದೆ. ಮಣಿಕಟ್ಟಿನಲ್ಲಿ ಗೋಲಿಯಂತಹ ಎಂಟು ಪುಟ್ಟ ಎಲುಬುಗಳಿವೆಯಂತೆ. ಈ ಗುಂಡಿಯ ತಳದಲ್ಲಿರುವುದು ದೋಣಿಯಾಕಾರದ್ದು. ಅಂಗೈ ಊರಿ ಬಿದ್ದವರಲ್ಲಿ ಮುರಿಯುವುದು ಹೆಚ್ಚಾಗಿ ಅದೇ. ಮುರಿದರೂ ಬೆರಳು ಆಡುತ್ತವೆ, ಬಾವು ದೊಡ್ಡದಿರುವುದಿಲ್ಲ, ಮೊದಲ ಎಕ್ಸ್‌ರೇಯಲ್ಲೂ ಒಮ್ಮೊಮ್ಮೆ ಕಾಣುವುದಿಲ್ಲ. ಅದಕ್ಕೆ ರಕ್ತ ಬೆರಳ ಕಡೆಯಿಂದ ಹಿಂದಕ್ಕೆ ಹರಿಯುತ್ತದೆ. ನಡುವೆ ಮುರಿದರೆ ಕಾಲುವೆ ಒಡೆದಾಗ ಕೊನೆಯ ಹೊಲಕ್ಕೆ ನೀರು ಹೋಗದಂತೆ ಹಿಂದಿನ ಅರ್ಧ ಒಣಗುತ್ತದೆ.

“ಬಿದ್ದ ವಾರದಾಗ ಬಂದಿದ್ರ ಪ್ಲಾಸ್ಟರ್ ಹಾಕಿ ಕೂಡಿಸ್ತಿದ್ದೆ. ಈಗ ಹಿಂದಿನ ಚೂರು ಸತ್ತೈತಿ ಮಹೇಶ್ವರಿ,” ಅಂದರು. “ಹೆಂಗ ಬಿದ್ದಿ?”

“ಜಾರಿ ಬಿದ್ದೆ,” ಅಂದೆ. ನಾನು ಏನು ಹೇಳುತ್ತೇನೆಂದು ಕೇಳಲು ವಿರುಪಣ್ಣ ಕಳಿಸಿದ್ದ ಮನುಷ್ಯನೊಬ್ಬ ಪಕ್ಕದಲ್ಲಿ ನಿಂತಿದ್ದ. ವಿರುಪಣ್ಣನ ಸುಳ್ಳನ್ನು ನನ್ನ ಬಾಯಿಂದ ನಾನೇ ಆಡಿದ್ದೆ, ಅದನ್ನು ಮರೆಯಲಿಲ್ಲ.

ಸೊಂಟದ ಎಲುಬಿನ ಚೂರು ತೆಗೆದು ಕೂರಿಸುವ ಆಪರೇಷನ್ನೂ ಆಯಿತು. ನೋವು ಅರ್ಧ ಹೋಯಿತು, ಚಿವುಟುವ ಬಲ ಬರಲೇ ಇಲ್ಲ. ಗಂಗಾವತಿ ಹತ್ತಿರದ ಅಕ್ಕನ ಊರಿಗೆ ಭತ್ತ ನಾಟಿಗೆ ಹೋದೆ. ಸಸಿಯನ್ನು ಕೆಸರಿಗೆ ಒತ್ತುವುದೂ ಹೆಬ್ಬೆರಳೇ ಎಂದು ಅಲ್ಲಿ ಗೊತ್ತಾಯಿತು. ‘ಕೈ ಕೆಸರಾದರೆ ಬಾಯಿ ಮೊಸರು’ ಎನ್ನುತ್ತಾರಲ್ಲ, ನನ್ನ ಕೈ ಕೆಸರಾಗಲಿಕ್ಕೂ ಯೋಗ್ಯವಾಗಿರಲಿಲ್ಲ. ತಿರುಗಿ ಬಂದೆ.

ವಿರುಪಣ್ಣನನ್ನು ಕಂಡು ಒಂದೇ ಒಂದು ಮಾತು ಕೇಳಿದೆ. ದುಡ್ಡು ಕೇಳಲಿಲ್ಲ. “ನಾನ ತಿರುವಿ ನೂಕಿದೆ ಅಂತ ಇವರೆಲ್ಲಾರ ಮುಂದ ಒಂದ ಸಲ ಹೇಳ್ರಿ ಸಾವ್ಕಾರ್ರ. ಸಾಕು.”

ಅವನು ನಕ್ಕ. “ಜಾರಿ ಬಿದ್ದಾಕಿಗೆ ನಾ ಏನ್ ಮಾಡ್ಲಿ? ಆತು, ಬಾ. ಹೂವಿನ ಗುರುತು ನೋಡೂ ಕೆಲಸ ಕೊಡ್ತೀನಿ.”

ಆಮೇಲೆ ಬಂದವರಿಗೆಲ್ಲ ನನ್ನನ್ನು ತೋರಿಸಿ, “ಕೈ ಹೋದಾಕಿಗೂ ಕೆಲಸ ಕೊಟ್ಟೀನಿ ನೋಡ್ರಿ,” ಎನ್ನುವುದು ಅವನಿಗೆ ಚಟವಾಯಿತು. ಬೇರೆ ಕಡೆ ಹೋಗಬಹುದಿತ್ತಲ್ಲ ಎಂದು ಹಸನಬೀ ಕೇಳಿದಳು. ಹೋಗಲಿಲ್ಲ. ತಾಳಿದವನು ಬಾಳಿಯಾನು ಎನ್ನುತ್ತಾರೆ. ನಾನು ಬಾಳಲು ತಾಳಲಿಲ್ಲ, ಅವನು ಬೀಳುವುದನ್ನು ನೋಡಲು ತಾಳಿದೆ. ಆ ಮಾತನ್ನು ಅವನ ಬಾಯಿಂದ ಕಕ್ಕಿಸದೆ ಆ ನೆಟ್ ಹೌಸು ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಹಾಕಿಕೊಂಡಿದ್ದೆ.

ಈ ವರ್ಷ ಕ್ರಾಸಿಂಗ್ ನಡುಮಧ್ಯದಲ್ಲಿದ್ದಾಗ ಅವನು ನಿಜವಾಗಿಯೇ ಬಿದ್ದ. ಡ್ರಿಪ್ ಪೈಪಿನ ಜೋಡಣೆ ಬಿಟ್ಟು ಸಾಲಿನ ನಡುವೆ ನೀರು ನಿಂತಿತ್ತು. ಅವನು ಮೊಬೈಲಿನಲ್ಲಿ ಯಾರನ್ನೋ ಬೈಯುತ್ತ ಹಿಮ್ಮುಖವಾಗಿ ನಡೆಯುತ್ತಿದ್ದ. ಕಾಲು ಜಾರಿತು, ಬಲ ಅಂಗೈ ಊರಿ ದಪ್ಪನೆ ಕೂತ. ನಾನು ನೂಕಲಿಲ್ಲ. ನೂಕಿದ್ದರೆ ಇಲ್ಲಿ ಹೆಮ್ಮೆಯಿಂದ ಬರೆಯುತ್ತಿದ್ದೆ.

ಎದ್ದು ಬೆರಳು ಆಡಿಸಿ ಎಲ್ಲರಿಗೂ ತೋರಿಸಿದ. “ನೋಡ್ರಿ, ಆಡ್ತಾವು. ಎಲುಬು ಗಟ್ಟಿ ಐತಿ.” ಊಟದ ಹೊತ್ತಿಗೆ ಮುಖ ಹುಳ್ಳಗಾಗಿತ್ತು. ಬೇವಿನ ಮರದ ಕೆಳಗೆ ನಾವು ರೊಟ್ಟಿ ಬಿಚ್ಚಿದ್ದೆವು. ಬಂದು ಮಾರೆವ್ವನ ಮುಂದೆ ಕೈ ಚಾಚಿದ. ಅವಳು ಅಲ್ಲಿ ಇಲ್ಲಿ ಸವರಿ, “ಉಳುಕಿರಬೇಕ್ರಿ,” ಅಂದು ನನ್ನ ಕಡೆ ನೋಡಿದಳು. “ಈಕಿಗೆ ಗೊತ್ತಿರತೈತಿ ತಡೀರಿ. ಮಹೇಶ್ವರಿ, ನೋಡವಾ.”

ಹೀಗೆ ಅವನ ಮಣಿಕಟ್ಟು ನನ್ನ ಕೈಗೆ ಬಂತು. “ಹೆಬ್ಬಟ್ಟು ಎತ್ರಿ,” ಅಂದೆ. ಎತ್ತಿದ. ಗುಂಡಿ ಬಾವಿನಿಂದ ತುಂಬಿಹೋಗಿತ್ತು. ಎಡಗೈ ಬೆರಳಿನಿಂದ ಅಲ್ಲಿ ಒತ್ತಿದೆ. ಸ್ವಲ್ಪ ಜಾಸ್ತಿಯೇ ಒತ್ತಿದೆ. ಅವನು “ಯವ್ವಾ!” ಎಂದು ಕೂಗಿ ಕೈ ಕಿತ್ತುಕೊಂಡ. ನನಗೆ ಬೇಕಾದ ಗುರುತು ಸಿಕ್ಕಿತ್ತು.

“ಏನಂತಿ?” ಎಂದು ಕೇಳಿದ.

“ನಾಳೆ ನೋಡೂಣ್ರಿ, ಬಾವು ಹೆಂಗ ಇರತೈತಿ ಅಂತ,” ಅಂದೆ. ಯೋಚಿಸಲು ನನಗೆ ಸಮಯ ಬೇಕಿತ್ತು.

ಟಂಟಂನಲ್ಲಿ ಗಂಡನ ಪಕ್ಕ ಕೂತು ಬರುವಾಗ ಎಲ್ಲ ಹೇಳಿದೆ. ಪಂಪಾಪತಿ ಹಾರ್ನ್ ಹೊಡೆದು ಖುಷಿಪಟ್ಟ. “ಸುಮ್ನಿರು. ದೇವರ ಕೊಟ್ಟಾನ, ನಾವ್ಯಾಕ ಅಡ್ಡ ಹೋಗೂಣು? ಮಾಡಿದ್ದುಣ್ಣೋ ಮಹರಾಯ.”

ಸುಮ್ಮನಿರುವುದು ಸುಲಭ. ಆದರೆ ಸುಮ್ಮನಿದ್ದರೆ ಅವನಿಗೆ ಆದದ್ದು ಬರೀ ಕೆಟ್ಟ ಗಳಿಗೆಯಾಗುತ್ತದೆ, ನನ್ನ ಸೇಡಾಗುವುದಿಲ್ಲ. ಇನ್ನು ‘ಉಳುಕೈತಿ, ಆದೆಪ್ಪನ ಕಡೆ ಹೋಗ್ರಿ’ ಎಂದು ಸುಳ್ಳು ಹೇಳಬಹುದು, ಅವನು ನನಗೆ ಹೇಳಿದ್ದನ್ನೇ ಅವನಿಗೆ ಹೇಳಿದಂತಾಗುತ್ತದೆ. ನಾಲಿಗೆ ತುದಿಯವರೆಗೂ ಬಂದಿತ್ತು ಆ ಮಾತು. ಆದರೆ ಮುಂದೆ ಎಕ್ಸ್‌ರೇ ತೆಗೆಸಿದಾಗ ಅವನು ಊರತುಂಬ ಹೇಳುತ್ತಾನೆ: ಮಹೇಶ್ವರಿ ಮೋಸ ಮಾಡಿದಳು, ಪಾಪ ವಿರುಪಣ್ಣ. ಪಾಪದವನಾಗುವ ಸುಖವನ್ನು ಅವನಿಗೆ ನಾನು ಕೊಡಬೇಕೆ? ಸತ್ಯ ಹೇಳಿದರೆ ಅವನ ಕೈ ಉಳಿಯುತ್ತದೆ. ಉಳಿಯಬಾರದು. ಹಾಗೆಂದು ಬಾಯಿಬಿಟ್ಟೇ ಗಂಡನಿಗೆ ಹೇಳಿದೆ.

ಆಗ ನನಗೆ ವಿರುಪಣ್ಣನ ಸ್ವಭಾವ ನೆನಪಾಯಿತು. ಖಾಲಿ ಅಂಗೈಯನ್ನೂ ನಂಬದವನು ಅವನು. ಸತ್ಯವನ್ನು ಹೇಳುವ ರೀತಿಯಲ್ಲಿ ಹೇಳಿದರೆ ಅದನ್ನೂ ನಂಬಲಾರ.

ಮರುದಿನ ಬೆಳಿಗ್ಗೆ ಎಲ್ಲರೂ ಸಾಲಿನಲ್ಲಿ ನಿಂತು ಪರಾಗ ಮುಟ್ಟಿಸುತ್ತಿದ್ದಾಗ ಅವನು ಬಂದ. ಕೈಯನ್ನು ಎದೆಗೆ ಅವಚಿಕೊಂಡಿದ್ದ. ಹೊರಗೆ ಬಾಡಿಗೆ ಜೀಪು ನಿಂತಿತ್ತು. ಎಲ್ಲಿಗೆ ಹೋಗುವುದು ಎಂದು ಇನ್ನೂ ತೀರ್ಮಾನಿಸಿರಲಿಲ್ಲ ಅನ್ನಿಸಿತು. ನಾನು ನಡುದಾರಿಗೆ ಬಂದು ನಿಂತೆ. ಮನೆಯಿಂದ ಹೊರಡುವಾಗಲೇ ತಯಾರು ಮಾಡಿಕೊಂಡಿದ್ದ ಒಂದು ನಗು ಮುಖದ ಮೇಲಿತ್ತು.

“ಸಾವ್ಕಾರ್ರ, ಆದೆಪ್ಪಜ್ಜನ ಕಡೆ ಹೋಗಬ್ಯಾಡ್ರಿ. ನಿಮ್ಮ ಎಲುಬು ಮುರದೈತಿ. ಇವತ್ತ ಕೊಪ್ಪಳಕ್ಕ ಹೋಗಿ ಎಕ್ಸ್‌ರೇ ತಗಸ್ರಿ. ಕಾಣಲಿಲ್ಲಂದ್ರೂ ಪ್ಲಾಸ್ಟರ್ ಹಾಕಸ್ಕೊಳ್ರಿ. ಇಲ್ಲಾಂದ್ರ ಎಲುಬು ಸತ್ತು ನನ್ನಂಗ ಆಕ್ಕೈತಿ.” ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದೆ, ಗಟ್ಟಿಯಾಗಿ, ಕೊನೆಯ ಸಾಲಿನ ಹಸನಬೀಗೂ ಕೇಳುವಂತೆ. ಹೇಳುವಷ್ಟು ಹೊತ್ತೂ ನಗುತ್ತಲೇ ಇದ್ದೆ.

ಅವನು ತನ್ನ ಕೈ ನೋಡಿಕೊಂಡ. ಆಮೇಲೆ ಹೊರಗೆ ಜೀಪಿನ ಕಡೆ ನೋಡಿದ. ನಂಬಿಬಿಟ್ಟನೇನೋ ಅನ್ನಿಸಿತು. ನಂಬಿದ್ದರೆ ನಾನು ಸೋತಿದ್ದೆ. ಶತ್ರುವಿನ ಕೈ ಉಳಿಸಿದ ಪುಣ್ಯಾತ್ಗಿತ್ತಿ ಎಂದು ಮಾರೆವ್ವ ಹೊಗಳುತ್ತಿದ್ದಳು, ಆ ಹೊಗಳಿಕೆ ಹೊತ್ತು ನಾನು ಸಾಯಬೇಕಿತ್ತು.

“ನಿನಗ್ಯಾಕ ನನ್ನ ಕೈ ಮ್ಯಾಲ ಇಷ್ಟ ಕಾಳಜಿ?” ಅಂದ, ಕಣ್ಣು ಕಿರಿದು ಮಾಡಿ.

“ಯಾರ ಕೈ ಆದ್ರೂ ಕೈನ ಅಲ್ಲೇನ್ರೀ,” ಅಂದೆ.

ಅವನ ಮುಖ ಕೆಂಪಾಯಿತು. “ನಂಗ ತಿಳಿಯೂದಿಲ್ಲಂತ ಮಾಡೀ ಏನು? ನಕ್ಕೊಂತ ಹೇಳಾಕತ್ತಾಳ ನೋಡು! ಆಸ್ಪತ್ರಿಗೆ ಕಳಿಸಿ ನನ್ನ ಕೈ ಕೊಯ್ಸಾಕ ನಿಂತೀ ನೀ. ಹ್ವಾದ ವರ್ಷ ನಾ ನಿನ್ನ ಕೈ ತಿರುವಿ ನೂಕಿದ್ದಕ್ಕ ಇವತ್ತ ಸೇಡು ತೀರಿಸ್ಕೊಳ್ಳಾಕತ್ತೀ. ನಾ ಏನ್ ಹುಚ್ಚ ಅದೀನೇನು?”

ಸಾಲುಗಳಲ್ಲಿ ಕೆಲಸ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ನಾನು ಕುಂಬಳಕಾಯಿಯ ಹೆಸರನ್ನೇ ಎತ್ತಿರಲಿಲ್ಲ. ಒಂದು ವರ್ಷದಿಂದ ಕಾದ ಮಾತು ತಾನಾಗಿ ಅವನ ಬಾಯಿಂದ ಉದುರಿ ನೆಲಕ್ಕೆ ಬಿದ್ದಿತ್ತು.

ಮಾರೆವ್ವ ಚಿಮಟ ಕೆಳಗಿಟ್ಟು ಬಂದಳು. “ಏನಂದ್ರಿ ಸಾವ್ಕಾರ್ರ? ತಿರುವಿ ನೂಕಿದ್ದಕ್ಕ ಅಂದ್ರಿ?”

“ನಾ ಎಲ್ಲಿ ಅಂದೆ?”

“ನಾವೆಲ್ಲಾ ಕೇಳೀವ್ರಿ,” ಅಂದಳು ಹಸನಬೀ ಕೊನೆಯ ಸಾಲಿನಿಂದ. “ಹ್ವಾದ ವರ್ಷ ನೋಡಿಯೂ ಇದ್ವಿ. ನಮ್ಮ ಬಾಯಿಗೆ ಮಣ್ಣ ಬಿದ್ದಿತ್ತು.”

ಅವನು ಸಿಟ್ಟಿನಲ್ಲಿ ತಿರುಗಿ ಜೀಪಿನ ಕಡೆ ನಡೆದ. “ಆದೆಪ್ಪನ ಕಡೆನ ಹೋಗ್ತೀನಿ. ಅದೇನ್ ಮಾಡ್ಕೋತಿ ಮಾಡ್ಕೋ!” ಎಂದು ಕೂಗಿದ. ನಾನು ಬಾಗಿಲವರೆಗೆ ಹೋಗಿ, “ಕೊಪ್ಪಳಕ್ಕ ಹೋಗ್ರೀ, ನಿಮ್ಮ ಕಾಲು ಬೀಳ್ತೀನಿ!” ಎಂದು ಇನ್ನೊಮ್ಮೆ ಕೂಗಿದೆ. ನಾನು ಕೂಗಿದಷ್ಟೂ ಅವನ ಹಟ ಬಲಿಯುತ್ತದೆಂದು ನನಗೆ ಗೊತ್ತಿತ್ತು. ಜೀಪು ಕೊಪ್ಪಳದ ಹಾದಿ ಬಿಟ್ಟು ಎಡಕ್ಕೆ ತಿರುಗಿತು.

ಆ ವಾರವೇ ಮಾರೆವ್ವ ಗುಂಪು ಕಟ್ಟಿಕೊಂಡು ಬೇರೆ ನೆಟ್ ಹೌಸಿಗೆ ಹೊರಟಳು. ಅಲ್ಲಿ ನನ್ನನ್ನೂ ಸೇರಿಸಿದಳು. ಟಂಟಂ ಹತ್ತಿದ ಹೊಸಬರಿಗೆಲ್ಲ ಕಥೆ ಹೇಳುವುದು ಅವಳ ಪಾಲಿನ ಕೆಲಸವಾಯಿತು, ದಿನಕ್ಕೊಂದು ಮಾತು ಸೇರಿಸಿ ಹೇಳುತ್ತಿದ್ದಳು. ನಾನು ತಿದ್ದಲಿಲ್ಲ. ಜಾರಿ ಬಿದ್ದಳು ಎನ್ನುವ ಮಾತು ಮಾತ್ರ ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಟೊಮ್ಯಾಟೊ ಮುಗಿದು ಕಲ್ಲಂಗಡಿ ಕ್ರಾಸಿಂಗ್ ಶುರುವಾದ ಕಾಲಕ್ಕೆ ವಿರುಪಣ್ಣ ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದ. ಒಬ್ಬನೇ ಬಂದಿದ್ದ. ಯಾವಾಗಲೂ ಓಡಿಸುವ ಬುಲೆಟ್ ಬೈಕ್ ಇರಲಿಲ್ಲ, ಬಸ್ಸಿಗೆ ಬಂದಿದ್ದ; ಎಕ್ಸಿಲೇಟರ್ ತಿರುವಲು ಬಲಗೈ ಬೇಕಲ್ಲ. ಎಕ್ಸ್‌ರೇಯ ದೊಡ್ಡ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಕಟ್ಟೆಯ ಮೇಲೆ ಕೂತು ಅದನ್ನು ತೊಡೆಯ ಮೇಲಿಟ್ಟುಕೊಂಡ.

“ಹಿಂದಿನ ಚೂರು ಸತ್ತೈತಂತ,” ಅಂದ.

“ಹೌದ್ರಿ. ಹಂಗ ಆಕ್ಕೈತಿ.”

“ನೀ ಸರಿಯಾಗಿ ಹೇಳಬೇಕಿತ್ತು. ನಕ್ಕೊಂತ ಹೇಳಿದಿ. ಅಳಕೊಂತ ಹೇಳಿದ್ರ ನಂಬ್ತಿದ್ದೆ.”

“ಅಳಕೊಂತ ಹೇಳಿದ್ದು ನಂಬಿದ್ರೇನ್ರಿ ನೀವು?” ಅಂದೆ.

ಅವನು ತಲೆ ತಗ್ಗಿಸಿದ. ಡಾಕ್ಟರಮ್ಮನ ಹೆಸರು ಕೇಳಿದ, ಹೇಳಿದೆ. ಆಪರೇಷನ್ ಮಾಡಿಸಿದರೆ ಮೊದಲಿನಂತೆ ಆಗುತ್ತದೆಯೇ ಎಂದು ಕೇಳಿದ. “ನಂದು ಆಗಿಲ್ಲ ನೋಡ್ರಿ,” ಎಂದು ನನ್ನ ಬಲಗೈಯನ್ನು ಅವನ ಮುಂದೆ ಹಿಡಿದೆ. ನೋಡಿದ. ಎದ್ದು ಲಕೋಟೆಯನ್ನು ಎಡಗೈಯಿಂದ ಕಂಕುಳಿಗೆ ಸಿಗಿಸಿಕೊಳ್ಳಲು ಹೆಣಗಿದ. ಅದು ಎರಡು ಸಲ ನೆಲಕ್ಕೆ ಬಿತ್ತು, ಎರಡು ಸಲವೂ ತಾನೇ ಬಾಗಿ ಎತ್ತಿಕೊಂಡ.

ಅವನು ಬಸ್ ಸ್ಟ್ಯಾಂಡಿನ ಕಡೆ ಹೋಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹೀಗೆ ನಿಂತಾಗ ಕನಿಕರ ಬರುತ್ತದೆ ಎನ್ನುತ್ತಾರೆ. ಬರಬಹುದು ಎಂದು ಅವನು ಓಣಿ ತಿರುಗುವವರೆಗೂ ಕಾದೆ. ಬರಲಿಲ್ಲ.